ಚೀನಾಕ್ಕೆ ಹೊರಡುವ ಮುನ್ನ ಫೋನಿನ ಸಿದ್ಧತೆ: ಭಾರತದ ಪ್ರಯಾಣಿಕರಿಗೆ ಹಂತ ಹಂತದ ಮಾರ್ಗದರ್ಶಿ

ಕ್ಯಾಂಟನ್ ಮೇಳಕ್ಕೆಂದು ಗುವಾಂಗ್‌ಝೌಗೆ ಹೊರಟ ವ್ಯಾಪಾರಿಗಳು, ಯಿವು ಮಾರುಕಟ್ಟೆಯಿಂದ ಸಗಟು ಸಾಮಾನು ತರಿಸುವವರು, ಕಂಪನಿಯ ಕೆಲಸದ ಮೇಲೆ ಶೆನ್‌ಝೆನ್‌ಗೆ ಹೋಗುವ ಎಂಜಿನಿಯರುಗಳು, ಅಲ್ಲಿ ವೈದ್ಯಕೀಯ ಓದುತ್ತಿರುವ ಮಕ್ಕಳನ್ನು ನೋಡಿಬರಲು ಹೊರಟ ತಂದೆತಾಯಿಗಳು, ಹೀಗೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಫೋನಿನಲ್ಲಿ ಯಾವ ಯಾವ ಆ್ಯಪ್ ಹಾಕಿಕೊಂಡು ಹೋಗಬೇಕು? 2025ರ ಅಕ್ಟೋಬರ್ 26ರಂದು ಕೋಲ್ಕತ್ತ ಮತ್ತು ಗುವಾಂಗ್‌ಝೌ ನಡುವೆ ನೇರ ವಿಮಾನ ಮತ್ತೆ ಹಾರತೊಡಗಿದ ಮೇಲಂತೂ ಈ ಪ್ರಶ್ನೆ ಹೆಚ್ಚಾಗಿದೆ. ಇದಕ್ಕೆ ಅಂತರ್ಜಾಲದಲ್ಲಿ ಉತ್ತರಗಳು ಬೇಕಾದಷ್ಟಿವೆ. ಆದರೆ ಅವುಗಳಲ್ಲಿ ಬಹುಪಾಲು ಯುರೋಪು, ಅಮೆರಿಕದ ಪ್ರವಾಸಿಗರಿಗಾಗಿ ಬರೆದವು. "ಮನೆಯಲ್ಲೇ ಅಲಿಪೇ ಮತ್ತು ವೀಚಾಟ್ ಹಾಕಿಕೊಂಡು, ಕಾರ್ಡ್ ಜೋಡಿಸಿ ವಿಮಾನ ಹತ್ತಿ" ಎಂಬ ಅವರ ಮೊದಲ ಸಲಹೆಯೇ ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕುಳಿತ ನಿಮಗೆ ಅನ್ವಯಿಸುವುದಿಲ್ಲ. ಅಲಿಪೇ ಎಂದರೆ ಚೀನಾದಲ್ಲಿ ಹಣ ಪಾವತಿಸುವ ಆ್ಯಪ್, ವೀಚಾಟ್ ಎಂದರೆ ಅಲ್ಲಿ ಸಂದೇಶಕ್ಕೂ ಪಾವತಿಗೂ ಬಳಸುವ ಆ್ಯಪ್. ಕಾರಣವನ್ನು ಮೊದಲು ತಿಳಿದುಕೊಳ್ಳೋಣ. ಮುಂದಿನ ಹಂತಗಳೆಲ್ಲ ಅದರ ಮೇಲೆಯೇ ನಿಂತಿವೆ.

ಎರಡು ಕಡೆಯ ತಡೆ

ಮೊದಲನೆಯದು ಚೀನಾದ ತಡೆ. ಅಲ್ಲಿನ ಸರ್ಕಾರ ಹೊರದೇಶದ ಅನೇಕ ಜಾಲತಾಣಗಳನ್ನೂ ಆ್ಯಪ್‌ಗಳನ್ನೂ ತನ್ನ ಜಾಲದೊಳಗೆ ಬಿಡುವುದಿಲ್ಲ. ಗೂಗಲ್ ಹುಡುಕಾಟ, ಜಿಮೇಲ್, ಗೂಗಲ್ ಮ್ಯಾಪ್ಸ್, ಪ್ಲೇ ಸ್ಟೋರ್, ಯೂಟ್ಯೂಬ್, ವಾಟ್ಸ್‌ಆ್ಯಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಎಕ್ಸ್, ಟೆಲಿಗ್ರಾಂ, ಕೊನೆಗೆ ವಿಕಿಪೀಡಿಯ ಕೂಡ ಅಲ್ಲಿನ ವೈಫೈಯಲ್ಲಾಗಲಿ ಅಲ್ಲಿನ ಸಿಮ್‌ನಲ್ಲಾಗಲಿ ತೆರೆಯುವುದಿಲ್ಲ. ಇದನ್ನು ಇಂಗ್ಲಿಷ್ ಬರಹಗಳಲ್ಲಿ 'ಗ್ರೇಟ್ ಫೈರ್‌ವಾಲ್' ಎಂದು ಕರೆಯುತ್ತಾರೆ. ಹಾಂಗ್‌ಕಾಂಗ್ ಮತ್ತು ಮಕಾವುಗಳಲ್ಲಿ ಈ ತಡೆ ಇಲ್ಲ. ಈ ಸಂಗತಿ ಮುಂದೆ ಉಪಯೋಗಕ್ಕೆ ಬರುತ್ತದೆ.

ಎರಡನೆಯದು ನಮ್ಮದೇ ದೇಶದ ತಡೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಸೆಕ್ಷನ್ ಅಡಿಯಲ್ಲಿ ಕೇಂದ್ರ ಸರ್ಕಾರ 2020ರ ಜೂನ್ 29ರಂದು ನಿಷೇಧಿಸಿದ 59 ಆ್ಯಪ್‌ಗಳಲ್ಲಿ ಟಿಕ್‌ಟಾಕ್ ಜೊತೆಗೆ ವೀಚಾಟ್, ಬೈದು ಮ್ಯಾಪ್, ಬೈದು ಟ್ರಾನ್ಸ್‌ಲೇಟ್ ಸಹ ಇದ್ದವು. ಅದೇ ವರ್ಷ ಸೆಪ್ಟೆಂಬರ್ 2ರಂದು ಹೊರಬಿದ್ದ 118 ಆ್ಯಪ್‌ಗಳ ಪಟ್ಟಿಯಲ್ಲಿ ಅಲಿಪೇ ಸೇರಿತು. ಹೀಗಾಗಿ ಚೀನಾದಲ್ಲಿ ಚಹಾ ಕುಡಿಯುವುದಕ್ಕೂ ಬೇಕಾಗುವ ಎರಡು ಆ್ಯಪ್‌ಗಳು ಭಾರತದ ಪ್ಲೇ ಸ್ಟೋರ್‌ನಲ್ಲಾಗಲಿ ಆ್ಯಪ್ ಸ್ಟೋರ್‌ನಲ್ಲಾಗಲಿ ಸಿಗುವುದಿಲ್ಲ.

ಅಂದರೆ ಮನೆಯವರೊಡನೆ ಮಾತಾಡುವ ಆ್ಯಪ್ ಅಲ್ಲಿ ನಡೆಯುವುದಿಲ್ಲ, ಹಣ ಕೊಡುವ ಆ್ಯಪ್ ಇಲ್ಲಿ ಸಿಗುವುದಿಲ್ಲ. ಆದ್ದರಿಂದ ಯಾವ ಆ್ಯಪ್ ಎನ್ನುವುದಕ್ಕಿಂತ ಯಾವ ಕೆಲಸವನ್ನು ಎಲ್ಲಿ ನಿಂತು, ಯಾವ ಜಾಲದ ಮೂಲಕ ಮಾಡಬೇಕು ಎಂಬುದೇ ಮುಖ್ಯ. ಕೆಳಗಿನ ಹಂತಗಳನ್ನು ಆ ಕ್ರಮದಲ್ಲೇ ಬರೆದಿದ್ದೇನೆ, ಕ್ರಮ ತಪ್ಪಿಸಬೇಡಿ.

ಹಂತ 1: ಭಾರತದ ಸಿಮ್ ಅನ್ನು ಫೋನಿನಲ್ಲೇ ಉಳಿಸಿಕೊಳ್ಳಿ

ಹೊರಡುವ ಒಂದು ವಾರ ಮೊದಲೇ ನಿಮ್ಮ ಮೊಬೈಲ್ ಕಂಪನಿಯ ಆ್ಯಪ್ ತೆರೆದು ಅಂತರರಾಷ್ಟ್ರೀಯ ರೋಮಿಂಗ್ ಚಾಲೂ ಮಾಡಿಸಿ. ರೋಮಿಂಗ್ ಎಂದರೆ ನಿಮ್ಮ ಸಿಮ್ ಬೇರೆ ದೇಶದ ಕಂಪನಿಯ ಗೋಪುರಕ್ಕೆ ಹೊಂದಿಕೊಂಡು ಕೆಲಸ ಮಾಡುವ ವ್ಯವಸ್ಥೆ. ಡೇಟಾ ಪ್ಯಾಕ್ ಕೊಳ್ಳುತ್ತೀರೋ ಇಲ್ಲವೋ ಬೇರೆ ಮಾತು, ಎಸ್ಎಂಎಸ್ ಬರುವಂತಿರುವುದು ಮಾತ್ರ ಅತ್ಯಗತ್ಯ. ಬ್ಯಾಂಕಿನ ಒಟಿಪಿ, ಅಂದರೆ ಒಂದೇ ಸಲ ಬಳಸುವ ಗುಪ್ತಸಂಖ್ಯೆ, ಬರುವುದು ಈ ಸಂಖ್ಯೆಗೇ. ರೋಮಿಂಗ್‌ನಲ್ಲಿ ಒಳಬರುವ ಎಸ್ಎಂಎಸ್‌ಗೆ ಸಾಮಾನ್ಯವಾಗಿ ಶುಲ್ಕವಿಲ್ಲ; ಆದರೂ ನಿಮ್ಮ ಕಂಪನಿಯಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ. ಪ್ರಿಪೇಯ್ಡ್ ಆದರೆ ರೀಚಾರ್ಜ್ ಅವಧಿ ನೀವು ಹಿಂದಿರುಗುವ ದಿನವನ್ನು ದಾಟಿರಲಿ.

ಇಲ್ಲಿ ಹಲವರು ಮಾಡುವ ತಪ್ಪೊಂದಿದೆ. ಅಲ್ಲಿಳಿದ ತಕ್ಷಣ ಭಾರತದ ಸಿಮ್ ತೆಗೆದು ಪರ್ಸಿನಲ್ಲಿಟ್ಟು, ಆ ಜಾಗಕ್ಕೆ ಚೀನಾದ ಸಿಮ್ ಹಾಕುತ್ತಾರೆ. ನಮ್ಮ ಬ್ಯಾಂಕ್ ಆ್ಯಪ್‌ಗಳು ನೋಂದಾಯಿತ ಸಿಮ್ ಫೋನಿನಲ್ಲಿದೆಯೇ ಎಂದು ಪರಿಶೀಲಿಸುವುದರಿಂದ, ಸಿಮ್ ಹೊರಬಂದರೆ ನೋಂದಣಿಯೇ ರದ್ದಾಗಬಹುದು; ಮತ್ತೆ ನೋಂದಾಯಿಸಲು ಆ್ಯಪ್ ಫೋನಿನಿಂದ ಎಸ್ಎಂಎಸ್ ಕಳುಹಿಸಬೇಕಾಗುತ್ತದೆ, ಅದು ಅಲ್ಲಿಂದ ಹೋಗದೆಯೂ ಇರಬಹುದು. ಎರಡು ಸಿಮ್ ಹಿಡಿಯುವ ಫೋನ್ ಇದ್ದರೆ ಮಾತ್ರ ಸ್ಥಳೀಯ ಸಿಮ್ ಯೋಚನೆ ಮಾಡಿ.

ಹಂತ 2: ಡೇಟಾಗೆ ದಾರಿ ಆರಿಸಿ

ಇಲ್ಲಿ ಮೂರು ದಾರಿಗಳಿವೆ. ಮೂರೂ ಬೇರೆ ಬೇರೆ ರೀತಿ ವರ್ತಿಸುವುದರಿಂದ ಈ ಭಾಗವನ್ನು ನಿಧಾನವಾಗಿ ಓದಿ.

ಭಾರತದ ಸಿಮ್‌ನ ರೋಮಿಂಗ್ ಪ್ಯಾಕ್ ಮೊದಲನೆಯದು. ರೋಮಿಂಗ್‌ನಲ್ಲಿರುವಾಗ ನಿಮ್ಮ ಡೇಟಾ ಚೀನಾದ ಗೋಪುರವನ್ನು ಮುಟ್ಟಿದರೂ ಅಲ್ಲಿಂದ ಅಂತರ್ಜಾಲಕ್ಕೆ ನೇರವಾಗಿ ಇಳಿಯುವುದಿಲ್ಲ. ಮುಚ್ಚಿದ ಲಕೋಟೆಯ ಹಾಗೆ ಭಾರತದ ಕಂಪನಿಗೆ ಮರಳಿ, ಇಲ್ಲಿಂದಲೇ ಹೊರಗೆ ಹೋಗುತ್ತದೆ. ಹಾಗಾಗಿ ವಾಟ್ಸ್‌ಆ್ಯಪ್, ಜಿಮೇಲ್, ಗೂಗಲ್ ಎಲ್ಲವೂ ಮನೆಯಲ್ಲಿದ್ದಂತೆಯೇ ನಡೆಯುತ್ತವೆ. ಇದಕ್ಕೆ ಇನ್ನೊಂದು ಮುಖವೂ ಇದೆ: ಡೇಟಾ ಭಾರತದ ಜಾಲದಿಂದ ಹೊರಡುವುದಾದರೆ ಭಾರತದ ನಿಷೇಧವೂ ಅದರ ಜೊತೆಗೇ ಬರಬಹುದು. ರೋಮಿಂಗ್‌ನಲ್ಲಿ ಅಲಿಪೇ ತೊಡರಿದರೆ ಗಾಬರಿಯಾಗದೆ ಅಂಗಡಿಯ ಅಥವಾ ಹೋಟೆಲಿನ ವೈಫೈಗೆ ಬದಲಾಯಿಸಿ ನೋಡಿ.

ಎರಡನೆಯದು ಪ್ರಯಾಣದ ಇ-ಸಿಮ್. ಇ-ಸಿಮ್ ಎಂದರೆ ಪ್ಲಾಸ್ಟಿಕ್ ತುಂಡಿಲ್ಲದೆ ಫೋನಿನೊಳಗೇ ಇಳಿಸಿಕೊಳ್ಳುವ ಸಿಮ್. ಚೀನಾ ಪ್ರಯಾಣಕ್ಕೆಂದು ಮಾರುವ ಇ-ಸಿಮ್‌ಗಳು ಸಾಮಾನ್ಯವಾಗಿ ಹಾಂಗ್‌ಕಾಂಗ್, ಸಿಂಗಪುರದಂಥ ಕಡೆಯಿಂದ ಅಂತರ್ಜಾಲಕ್ಕೆ ಇಳಿಯುತ್ತವೆ. ಆದ್ದರಿಂದ ಚೀನಾದ ತಡೆಯೂ ಭಾರತದ ತಡೆಯೂ ಇವುಗಳಿಗೆ ತಾಗುವುದಿಲ್ಲ. ನನ್ನ ಮಟ್ಟಿಗೆ ಎರಡು ವಾರದೊಳಗಿನ ಪ್ರವಾಸಕ್ಕೆ ಇದೇ ಉತ್ತಮ. ಆದರೆ ಕೊಳ್ಳುವಾಗ ಎಚ್ಚರ ಬೇಕು. ಏರಾಲೋ ಮತ್ತು ಹೋಲಾಫ್ಲೈ ಎಂಬ ಎರಡು ಹೆಸರಾಂತ ಇ-ಸಿಮ್ ಆ್ಯಪ್‌ಗಳನ್ನು 2024ರ ಜನವರಿಯಲ್ಲಿ ದೂರಸಂಪರ್ಕ ಇಲಾಖೆಯ ಸೂಚನೆಯಂತೆ ಭಾರತದ ಆ್ಯಪ್ ಮಳಿಗೆಗಳಿಂದ ತೆಗೆಯಲಾಯಿತು. ಇಲ್ಲಿ ಕೊಳ್ಳುವುದಾದರೆ ವಿದೇಶಿ ಸಿಮ್ ಮಾರಲು ಇಲಾಖೆಯ ಅನುಮತಿ ಪಡೆದವರಿಂದಲೇ, ಗುರುತಿನ ದಾಖಲೆ ಕೊಟ್ಟು ಕೊಳ್ಳಿ. ಕೊಳ್ಳುವ ಮೊದಲು "ಇದು ಮುಖ್ಯಭೂಮಿ ಚೀನಾದಲ್ಲಿ ನಡೆಯುತ್ತದೆಯೇ, ವಾಟ್ಸ್‌ಆ್ಯಪ್ ತೆರೆಯುತ್ತದೆಯೇ" ಎಂದು ಎರಡೂ ಪ್ರಶ್ನೆ ಕೇಳಿ. ಹಾಂಗ್‌ಕಾಂಗ್‌ಗೆ ಮಾತ್ರ ಸಲ್ಲುವ ಅಗ್ಗದ ಪ್ಯಾಕ್ ಕೊಂಡು, ಗಡಿ ದಾಟಿ ಶೆನ್‌ಝೆನ್‌ಗೆ ಕಾಲಿಟ್ಟ ಕೂಡಲೇ ಸಿಗ್ನಲ್ ಕಳೆದುಕೊಳ್ಳುವವರು ಇದ್ದಾರೆ. ಇನ್ನೊಂದು ಸಣ್ಣ ಸಂಗತಿ: ಹಾಂಗ್‌ಕಾಂಗ್ ಮೂಲಕ ಹೊರಡುವ ಇ-ಸಿಮ್‌ನಲ್ಲಿ ಚಾಟ್‌ಜಿಪಿಟಿ ತೆರೆಯುವುದಿಲ್ಲ, ಅದರ ಸೇವೆ ಹಾಂಗ್‌ಕಾಂಗ್‌ಗೂ ಇಲ್ಲ.

ಇ-ಸಿಮ್ ಅನ್ನು ಭಾರತದಲ್ಲಿರುವಾಗಲೇ ಫೋನಿಗೆ ಇಳಿಸಿಡಿ. ಇಳಿಸಿಕೊಳ್ಳಲು ಇಂಟರ್ನೆಟ್ ಬೇಕು, ಅಲ್ಲಿ ಇಳಿದಾಗ ಅದೇ ಇರುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಭಾರತದ ಸಿಮ್‌ನ ಡೇಟಾ ರೋಮಿಂಗ್ ಆಫ್ ಇರಲಿ, ಇ-ಸಿಮ್‌ನ ಡೇಟಾ ರೋಮಿಂಗ್ ಆನ್ ಇರಲಿ, ಮೊಬೈಲ್ ಡೇಟಾಗೆ ಇ-ಸಿಮ್ ಅನ್ನೇ ಆರಿಸಿರಿ. ಒಂದು ಸಿಮ್‌ನಲ್ಲಿ ಸಿಗ್ನಲ್ ಇಲ್ಲದಿದ್ದರೆ ತಾನಾಗಿ ಇನ್ನೊಂದಕ್ಕೆ ಹಾರುವ ಆಯ್ಕೆ ಇದ್ದರೆ ಅದನ್ನು ಆಫ್ ಮಾಡಿ. ಅದು ಆನ್ ಇದ್ದರೆ ಪ್ಯಾಕ್ ಇಲ್ಲದ ಭಾರತದ ಸಿಮ್‌ನಲ್ಲಿ ಡೇಟಾ ಹರಿದು, ಬಿಲ್ಲು ನೋಡುವ ದಿನ ಕಣ್ಣು ಕತ್ತಲಿಡುತ್ತದೆ.

ಮೂರನೆಯದು ಚೀನಾದ ಸ್ಥಳೀಯ ಸಿಮ್. ಚೈನಾ ಮೊಬೈಲ್, ಚೈನಾ ಯೂನಿಕಾಂ, ಚೈನಾ ಟೆಲಿಕಾಂ ಎಂಬ ಮೂರು ದೊಡ್ಡ ಕಂಪನಿಗಳಿವೆ. ಪಾಸ್‌ಪೋರ್ಟ್ ತೋರಿಸಿ, ಮುಖದ ಫೋಟೊ ಕೊಟ್ಟು ಕೊಳ್ಳಬೇಕು. ಇದರಲ್ಲಿ ಗೂಗಲ್, ವಾಟ್ಸ್‌ಆ್ಯಪ್ ನಡೆಯುವುದಿಲ್ಲ. ಆದರೆ ಚೀನಾದ ಫೋನ್ ಸಂಖ್ಯೆ ಕೈಗೆ ಬಂದರೆ ಸಾರ್ವಜನಿಕ ವೈಫೈ, ಟ್ಯಾಕ್ಸಿ, ಮನೆಬಾಗಿಲಿಗೆ ಊಟ ತರಿಸುವುದು ಎಲ್ಲವೂ ಸುಲಭ. ತಿಂಗಳುಗಟ್ಟಲೆ ಇರುವವರಿಗೆ ಇದು ಬೇಕೇಬೇಕು; ವಾರದ ಪ್ರವಾಸಕ್ಕೆ ಅಗತ್ಯವಿಲ್ಲ.

ವಿಪಿಎನ್ ಬಗ್ಗೆ ಎಲ್ಲರೂ ಕೇಳುತ್ತಾರೆ. ವಿಪಿಎನ್ ಎಂದರೆ ನಿಮ್ಮ ಸಂಪರ್ಕವನ್ನು ಬೇರೊಂದು ದೇಶದ ಕಂಪ್ಯೂಟರಿನ ಮೂಲಕ ಹಾಯಿಸುವ ಆ್ಯಪ್. ಚೀನಾದಲ್ಲಿ ಸರ್ಕಾರದ ಒಪ್ಪಿಗೆಯಿಲ್ಲದ ವಿಪಿಎನ್‌ಗೆ ಕಾನೂನಿನ ಮಾನ್ಯತೆ ಇಲ್ಲ, ಜೊತೆಗೆ ಇಂದು ನಡೆದದ್ದು ನಾಳೆ ನಡೆಯುತ್ತದೆಂಬ ಭರವಸೆಯೂ ಇಲ್ಲ. ರೋಮಿಂಗ್ ಅಥವಾ ಇ-ಸಿಮ್ ಇದ್ದರೆ ಅದರ ಗೊಡವೆಯೇ ಬೇಡ.

ಹಂತ 3: ಕಾರ್ಡ್‌ಗಳನ್ನು ತೆರೆಸಿ

ಅಲಿಪೇಗೆ ಜೋಡಿಸಲು ವೀಸಾ ಅಥವಾ ಮಾಸ್ಟರ್‌ಕಾರ್ಡ್ ಗುರುತಿನ ಕಾರ್ಡ್ ಇಟ್ಟುಕೊಳ್ಳಿ. ಸಾಧ್ಯವಾದರೆ ಎರಡು ಬೇರೆ ಬ್ಯಾಂಕಿನ ಎರಡು ಕಾರ್ಡ್ ಇರಲಿ, ಒಂದನ್ನು ಅಲಿಪೇ ಒಪ್ಪದಿದ್ದರೆ ಇನ್ನೊಂದು ಇರುತ್ತದೆ. ರಿಸರ್ವ್ ಬ್ಯಾಂಕಿನ 2020ರ ನಿಯಮದಂತೆ ನಮ್ಮ ಕಾರ್ಡ್‌ಗಳಲ್ಲಿ ವಿದೇಶಿ ವಹಿವಾಟು ಮೊದಲಿನಿಂದ ಮುಚ್ಚಿಯೇ ಇರುತ್ತದೆ. ಬ್ಯಾಂಕ್ ಆ್ಯಪ್‌ನ ಕಾರ್ಡ್ ವಿಭಾಗದಲ್ಲಿ ಅಂತರರಾಷ್ಟ್ರೀಯ ಬಳಕೆಯನ್ನು ತೆರೆದು, ಅದರೊಳಗೆ ಆನ್‌ಲೈನ್, ಅಂಗಡಿಯ ಯಂತ್ರ, ಎಟಿಎಂ ಎಂಬ ಮೂರನ್ನೂ ಬೇರೆ ಬೇರೆಯಾಗಿ ಆನ್ ಮಾಡಿ. ಆನ್‌ಲೈನ್ ಎಂಬುದನ್ನು ಮರೆತರೆ ಅಲಿಪೇಗೆ ಕಾರ್ಡ್ ಜೋಡಣೆಯಾಗುವುದಿಲ್ಲ. ಅಂಗಡಿಯಲ್ಲೇ ನಿಂತು ಕೊಟ್ಟರೂ ಅಲಿಪೇಯ ಪಾವತಿ ಬ್ಯಾಂಕಿನ ಕಣ್ಣಿಗೆ ಆನ್‌ಲೈನ್ ವಹಿವಾಟು.

ಶುಲ್ಕಗಳು ಎರಡು ಕಡೆಯಿಂದ ಬೀಳುತ್ತವೆ. ನಿಮ್ಮ ಬ್ಯಾಂಕು ವಿದೇಶಿ ವಹಿವಾಟಿಗೆ ಸಾಮಾನ್ಯವಾಗಿ ಶೇ 2ರಿಂದ 3.5ರವರೆಗೆ ಶುಲ್ಕ ಹಾಕಿ, ಆ ಶುಲ್ಕದ ಮೇಲೆ ಶೇ 18 ಜಿಎಸ್‌ಟಿ ಸೇರಿಸುತ್ತದೆ. ಅಲಿಪೇ ಕಡೆಯಿಂದ, ವಿದೇಶಿ ಕಾರ್ಡಿನ ಪಾವತಿ 200 ಯುವಾನ್ ಮೀರಿದರೆ ಶೇ 3 ಶುಲ್ಕ, ಅದರೊಳಗಿದ್ದರೆ ಶುಲ್ಕವಿಲ್ಲ. 200 ಯುವಾನ್ ಎಂದರೆ ಸುಮಾರು ಎರಡೂವರೆ ಸಾವಿರ ರೂಪಾಯಿ. ಊಟ, ಟ್ಯಾಕ್ಸಿ, ಮೆಟ್ರೊ ಇವೆಲ್ಲ ಇದರೊಳಗೇ ಮುಗಿಯುತ್ತವೆ. ಹೋಟೆಲ್ ಬಿಲ್ಲಿನಂಥ ದೊಡ್ಡ ಮೊತ್ತಕ್ಕೆ ನೇರವಾಗಿ ಕಾರ್ಡ್ ಉಜ್ಜುವುದು ಲಾಭ. ಅಂಗಡಿಯ ಯಂತ್ರ "ರೂಪಾಯಿಯಲ್ಲೋ ಯುವಾನ್‌ನಲ್ಲೋ" ಎಂದು ಕೇಳಿದರೆ ಯಾವಾಗಲೂ ಯುವಾನ್ ಎನ್ನಿ. ರೂಪಾಯಿ ಎಂದರೆ ವಿನಿಮಯ ದರವನ್ನು ಅವರು ತಮಗೆ ಬೇಕಾದಂತೆ ಹಾಕುತ್ತಾರೆ.

ಯುಪಿಐ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಕ್ಯೂಆರ್ ಕೋಡ್ ಕಂಡಲ್ಲೆಲ್ಲ ಫೋನ್‌ಪೇ ತೆರೆಯುವ ಕೈಗೆ ಇದೊಂದು ಸಣ್ಣ ದುಃಖ.

ಹಂತ 4: ಮನೆಯ ವೈಫೈಯಲ್ಲೇ ಇಳಿಸಿಡಬೇಕಾದವು

ಅನುವಾದದ ಆ್ಯಪ್ ಮೊದಲು. ಗೂಗಲ್ ಟ್ರಾನ್ಸ್‌ಲೇಟ್‌ನಲ್ಲಿ ಸರಳೀಕೃತ ಚೀನಿ ಮತ್ತು ಇಂಗ್ಲಿಷ್ ಭಾಷೆಗಳನ್ನು ಆಫ್‌ಲೈನ್ ಬಳಕೆಗೆ ಇಳಿಸಿಡಿ. ಆಫ್‌ಲೈನ್ ಎಂದರೆ ಇಂಟರ್ನೆಟ್ ಇಲ್ಲದೆಯೂ ನಡೆಯುವುದು. ಕನ್ನಡವನ್ನೂ ಇಳಿಸಬಹುದು, ಆದರೆ ಕನ್ನಡದಿಂದ ಚೀನಿಗೆ ಹೋಗುವ ವಾಕ್ಯ ದಾರಿಯಲ್ಲಿ ಅರ್ಥ ಕಳೆದುಕೊಳ್ಳುವುದೇ ಹೆಚ್ಚು. ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯ ಬರೆದರೆ ಫಲಿತಾಂಶ ಚೆನ್ನಾಗಿರುತ್ತದೆ. ಕ್ಯಾಮೆರಾ ಹಿಡಿದು ಊಟದ ಪಟ್ಟಿ ಓದುವ ಸೌಲಭ್ಯವನ್ನು ಮನೆಯಲ್ಲೇ ಒಮ್ಮೆ ಪ್ರಯತ್ನಿಸಿ ನೋಡಿ. ಗೂಗಲ್ ಕೈಕೊಟ್ಟರೆ ಇರಲಿ ಎಂದು ಮೈಕ್ರೋಸಾಫ್ಟ್ ಟ್ರಾನ್ಸ್‌ಲೇಟರ್ ಅನ್ನೂ ಹಾಕಿಕೊಳ್ಳಿ. ಮೈಕ್ರೋಸಾಫ್ಟ್‌ನ ಸೇವೆಗಳು ಅಲ್ಲಿ ಸಾಮಾನ್ಯವಾಗಿ ನಡೆಯುತ್ತವೆ.

ಸಸ್ಯಾಹಾರಿಗಳಿಗೆ ಒಂದು ಕಿವಿಮಾತು. "ನಾನು ಮಾಂಸ ತಿನ್ನುವುದಿಲ್ಲ" ಎಂದಷ್ಟೇ ತೋರಿಸಿದರೆ ಮಾಂಸದ ತುಂಡು ತೆಗೆದು, ಅದೇ ಸಾರಿನಲ್ಲಿ ನೂಡಲ್ಸ್ ಕೊಡುತ್ತಾರೆ. ಮಾಂಸ, ಮೀನು, ಮೊಟ್ಟೆ, ಹಂದಿ ಕೊಬ್ಬು, ಮಾಂಸದ ಸಾರು, ಆಯ್ಸ್ಟರ್ ಸಾಸ್ ಯಾವುದೂ ಬೇಡ ಎಂದು ಒಂದೊಂದಾಗಿ ಚೀನಿಯಲ್ಲಿ ಬರೆಸಿಕೊಂಡು, ಸ್ಕ್ರೀನ್‌ಶಾಟ್ ತೆಗೆದು ಗ್ಯಾಲರಿಯಲ್ಲಿ ಇಡಿ.

ಅದೇ ರೀತಿ ಪ್ರತಿ ಹೋಟೆಲಿನ ಹೆಸರು, ವಿಳಾಸ, ಫೋನ್ ಸಂಖ್ಯೆಯನ್ನು ಚೀನಿ ಲಿಪಿಯಲ್ಲಿ ಸ್ಕ್ರೀನ್‌ಶಾಟ್ ಮಾಡಿಟ್ಟುಕೊಳ್ಳಿ. ಇಂಗ್ಲಿಷ್ ಹೆಸರು ಹೇಳಿದರೆ ಟ್ಯಾಕ್ಸಿ ಚಾಲಕನಿಗೆ ಅರ್ಥವಾಗುವುದಿಲ್ಲ. ಒಂದೇ ಹೋಟೆಲಿನ ಇಂಗ್ಲಿಷ್ ಹೆಸರಿಗೂ ಚೀನಿ ಹೆಸರಿಗೂ ಅನೇಕ ವೇಳೆ ಸಂಬಂಧವೇ ಇರುವುದಿಲ್ಲ. ವಿಮಾನದ ಟಿಕೆಟ್, ವಿಮೆ, ವೀಸಾ ಪುಟ, ಆಹ್ವಾನ ಪತ್ರ ಇವುಗಳ ಪಿಡಿಎಫ್ ಜಿಮೇಲ್‌ನಲ್ಲಿದ್ದರೆ ಸಾಲದು, ಫೋನಿನೊಳಗೇ ಇರಬೇಕು. ಗೂಗಲ್ ಖಾತೆಗೆ ಎರಡು ಹಂತದ ಪರಿಶೀಲನೆ ಇದ್ದರೆ ಬ್ಯಾಕಪ್ ಕೋಡ್‌ಗಳನ್ನು ಕಾಗದದ ಮೇಲೆ ಬರೆದು ಪಾಸ್‌ಪೋರ್ಟಿನಿಂದ ಬೇರೆ ಕಡೆ ಇಡಿ.

ಚೀನಾ ಪ್ರವೇಶಿಸುವಾಗ ತುಂಬಬೇಕಾದ ಆಗಮನ ಚೀಟಿಯನ್ನು 2025ರ ನವೆಂಬರ್ 20ರಿಂದ ಆನ್‌ಲೈನ್‌ನಲ್ಲೇ ತುಂಬಬಹುದು. ಅಲ್ಲಿನ ರಾಷ್ಟ್ರೀಯ ವಲಸೆ ಆಡಳಿತದ ಜಾಲತಾಣದಲ್ಲಿ ತುಂಬಿ, ಬಂದ ಕ್ಯೂಆರ್ ಕೋಡ್ ಉಳಿಸಿಕೊಳ್ಳಿ. ಇದು ಉಚಿತ, ಹಣ ಕೇಳುವ ಜಾಲತಾಣ ಕಂಡರೆ ಅದು ಅಧಿಕೃತವಲ್ಲ ಎಂದೇ ತಿಳಿಯಿರಿ.

ಬೀಜಿಂಗ್‌ನ ಭಾರತೀಯ ರಾಯಭಾರ ಕಚೇರಿ ಮತ್ತು ಶಾಂಘೈ, ಗುವಾಂಗ್‌ಝೌ ದೂತಾವಾಸಗಳಲ್ಲಿ ನಿಮಗೆ ಹತ್ತಿರವಾದುದರ ಸಂಖ್ಯೆಯನ್ನು ಫೋನಿನಲ್ಲಿ ಉಳಿಸಿ. ಪೊಲೀಸರಿಗೆ 110, ಆಂಬುಲೆನ್ಸ್‌ಗೆ 120, ಅಗ್ನಿಶಾಮಕಕ್ಕೆ 119. ವೀಸಾ, ವಾಸ್ತವ್ಯದ ಪ್ರಶ್ನೆಗಳಿಗೆ 12367 ಎಂಬ ಸಹಾಯವಾಣಿಯಲ್ಲಿ ಇಂಗ್ಲಿಷ್‌ನಲ್ಲೂ ಉತ್ತರ ಸಿಗುತ್ತದೆ.

ಹಂತ 5: ಅಲಿಪೇಯನ್ನು ದೇಶದಿಂದ ಹೊರಬಿದ್ದ ಮೇಲೆ ಹಾಕಿಕೊಳ್ಳಿ

ಭಾರತದ ನಿಷೇಧ ಭಾರತದಲ್ಲಿ ಜಾರಿಯಲ್ಲಿದೆ; ಇಲ್ಲಿರುವಾಗ ಅದನ್ನು ತಪ್ಪಿಸಿಕೊಳ್ಳುವ ದಾರಿ ಹುಡುಕಬೇಡಿ, ಅಗತ್ಯವೂ ಇಲ್ಲ. ಗೊತ್ತಿಲ್ಲದ ಜಾಲತಾಣದಿಂದ ಇಳಿಸಿದ ನಕಲಿ ಅಲಿಪೇಗೆ ಪಾಸ್‌ಪೋರ್ಟನ್ನೂ ಕಾರ್ಡನ್ನೂ ಒಪ್ಪಿಸುವ ಅಪಾಯವಂತೂ ದೊಡ್ಡದು.

ಬೆಂಗಳೂರಿನಿಂದ ಹೊರಡುವವರು ಹೆಚ್ಚಾಗಿ ಹಾಂಗ್‌ಕಾಂಗ್, ಬ್ಯಾಂಕಾಕ್, ಸಿಂಗಪುರ ಅಥವಾ ಕ್ವಾಲಾಲಂಪುರದಲ್ಲಿ ವಿಮಾನ ಬದಲಾಯಿಸುತ್ತಾರೆ. ಆ ನಿಲ್ದಾಣಗಳಲ್ಲಿ ಭಾರತದ ತಡೆಯೂ ಇಲ್ಲ, ಚೀನಾದ ತಡೆಯೂ ಇಲ್ಲ, ವೈಫೈ ಉಚಿತ. ಎರಡು ಮೂರು ಗಂಟೆ ಕಾಯುವ ಆ ಸಮಯವೇ ಈ ಕೆಲಸಕ್ಕೆ ಹೇಳಿಮಾಡಿಸಿದ್ದು. ನೇರ ವಿಮಾನದಲ್ಲಿ ಹೋಗುವವರು ಚೀನಾದ ನಿಲ್ದಾಣದ ವೈಫೈಯಲ್ಲಿ ಮಾಡಿಕೊಳ್ಳಬೇಕು. ಅಲ್ಲಿ ವೈಫೈಗೆ ಒಟಿಪಿ ಕೇಳುತ್ತದೆ, ದೊಡ್ಡ ನಿಲ್ದಾಣಗಳಲ್ಲಿ ಪಾಸ್‌ಪೋರ್ಟ್ ಇಟ್ಟರೆ ಸಂಕೇತ ಮುದ್ರಿಸಿಕೊಡುವ ಯಂತ್ರವೂ ಇರುತ್ತದೆ.

ಆದರೆ ಹೊರದೇಶದಲ್ಲಿ ನಿಂತ ಮಾತ್ರಕ್ಕೆ ನಿಮ್ಮ ಪ್ಲೇ ಸ್ಟೋರ್ ಬದಲಾಗುವುದಿಲ್ಲ. ಮಳಿಗೆ ನೋಡುವುದು ನೀವು ನಿಂತ ಜಾಗವನ್ನಲ್ಲ, ನಿಮ್ಮ ಖಾತೆಯ ದೇಶವನ್ನು. ಆದ್ದರಿಂದ ಹೀಗೆ ಮಾಡಿ.

ಆಂಡ್ರಾಯ್ಡ್ ಫೋನ್ ಇದ್ದರೆ ಅಲಿಪೇಯ ಅಧಿಕೃತ ಜಾಲತಾಣದಿಂದಲೇ ಆ್ಯಪ್‌ನ ಕಡತವನ್ನು ನೇರವಾಗಿ ಇಳಿಸಿಕೊಳ್ಳಿ. ಬ್ರೌಸರಿನ ವಿಳಾಸ ಪಟ್ಟಿಯಲ್ಲಿ ಹೆಸರನ್ನು ಅಕ್ಷರ ಅಕ್ಷರವಾಗಿ ನೋಡಿ. ಹೊರಗಿನ ಕಡತ ಹಾಕಲು ಫೋನ್ ಅನುಮತಿ ಕೇಳುತ್ತದೆ. ಕೊಟ್ಟು, ಕೆಲಸ ಮುಗಿದ ಮೇಲೆ ಆ ಅನುಮತಿಯನ್ನು ಹಿಂತೆಗೆಯಿರಿ.

ಐಫೋನ್ ಇದ್ದರೆ ಹೊರಗಿನ ಕಡತ ಹಾಕಲು ಬರುವುದಿಲ್ಲ. ಇರುವ ಆ್ಯಪಲ್ ಖಾತೆಯ ದೇಶ ಬದಲಿಸಬಹುದು, ಆದರೆ ಅದಕ್ಕೆ ಎಲ್ಲ ಚಂದಾಗಳನ್ನು ನಿಲ್ಲಿಸಬೇಕು, ಖಾತೆಯಲ್ಲಿ ಉಳಿದ ಹಣ ಖರ್ಚಾಗಿರಬೇಕು. ಅದಕ್ಕಿಂತ ಬೇರೆ ದೇಶದ ಹೆಸರಿನಲ್ಲಿ ನಿಮ್ಮದೇ ಎರಡನೆಯ ಖಾತೆ ತೆರೆದು, ಆ್ಯಪ್ ಸ್ಟೋರ್‌ಗೆ ಮಾತ್ರ ಅದರಿಂದ ಒಳಹೋಗುವುದು ಸುಲಭ. ಐಕ್ಲೌಡ್ ಹಳೆಯ ಖಾತೆಯಲ್ಲೇ ಇರಲಿ. ದಯವಿಟ್ಟು ಬೇರೆಯವರು "ನನ್ನ ಐಡಿ ಹಾಕಿಕೊಳ್ಳಿ" ಎಂದು ಕೊಟ್ಟ ಖಾತೆಯನ್ನು ಬಳಸಬೇಡಿ. ಅದರಿಂದ ಐಕ್ಲೌಡ್‌ಗೆ ಒಳಹೋದರೆ ಅವರು ದೂರದಲ್ಲಿ ಕೂತೇ ನಿಮ್ಮ ಫೋನಿಗೆ ಬೀಗ ಹಾಕಬಹುದು, ಹಾಕಿ ಹಣ ಕೇಳುವುದೂ ಉಂಟು.

ಅಲಿಪೇ ಬಂದ ಮೇಲೆ ನಿಮ್ಮ +91 ಸಂಖ್ಯೆಯಿಂದ ನೋಂದಾಯಿಸಿ, ಪಾಸ್‌ಪೋರ್ಟಿನ ಫೋಟೊ ಕೊಟ್ಟು ಗುರುತು ಪರಿಶೀಲನೆ ಮುಗಿಸಿ, ಕಾರ್ಡ್ ಜೋಡಿಸಿ. ಹೆಸರನ್ನು ಪಾಸ್‌ಪೋರ್ಟಿನಲ್ಲಿರುವಂತೆಯೇ ಬರೆಯಬೇಕು. ನಮ್ಮಲ್ಲಿ ಅನೇಕರ ಪಾಸ್‌ಪೋರ್ಟಿನಲ್ಲಿ ಕುಲನಾಮದ ಸಾಲು ಖಾಲಿ ಇರುತ್ತದೆ, ಕಾರ್ಡಿನ ಮೇಲೆ ಇನಿಷಿಯಲ್ ಮಾತ್ರ ಇರುತ್ತದೆ. ಪರಿಶೀಲನೆ ತಡವಾಗುವುದು ಹೆಚ್ಚಾಗಿ ಇಂಥ ಹೆಸರಿನ ಗೊಂದಲದಿಂದಲೇ; ಪಾಸ್‌ಪೋರ್ಟಿನ ಕೆಳಗಿನ ಎರಡು ಸಾಲಿನ ಯಂತ್ರಾಕ್ಷರಗಳನ್ನು ನೋಡಿ, ಅದೇ ಕ್ರಮದಲ್ಲಿ ತುಂಬಿ.

ವೀಚಾಟ್ ಬೇಡವೇ ಎಂದರೆ, ಸಿಕ್ಕರೆ ಒಳ್ಳೆಯದು, ಆದರೆ ನಂಬಿಕೊಂಡು ಹೋಗಬೇಡಿ. 2020ರ ಜುಲೈನಲ್ಲಿ ಆ ಕಂಪನಿ ಭಾರತದ ಬಳಕೆದಾರರಿಗೆ ಸೇವೆ ನಿಲ್ಲಿಸಿತು. +91 ಸಂಖ್ಯೆಯಲ್ಲಿ ನೋಂದಣಿ ಆಗದಿದ್ದರೆ ಆಶ್ಚರ್ಯಪಡಬೇಕಿಲ್ಲ. ವ್ಯಾಪಾರಿಗಳಿಗೆ ಚೀನಾದ ಮಾರಾಟಗಾರರೊಡನೆ ಮಾತಾಡಲು ಅದೇ ಬೇಕಾಗುವುದರಿಂದ, ಅಂಥವರು ಸ್ಥಳೀಯ ಸಿಮ್ ಕೊಂಡು ಆ ಸಂಖ್ಯೆಯಿಂದ ಪ್ರಯತ್ನಿಸುವುದು ಸರಿ.

ಹಂತ 6: ಮೊದಲ ಪಾವತಿ ಚಿಕ್ಕದಿರಲಿ

ನಿಲ್ದಾಣದ ಅಂಗಡಿಯಲ್ಲಿ ಒಂದು ಬಾಟಲಿ ನೀರು ಕೊಂಡು ಪರೀಕ್ಷಿಸಿ. ಪಾವತಿಗೆ ಎರಡು ಬಗೆಗಳಿವೆ: ಅಂಗಡಿಯವರ ಕೋಡ್ ಅನ್ನು ನೀವು ಸ್ಕ್ಯಾನ್ ಮಾಡಿ ಮೊತ್ತ ಹಾಕುವುದು ಒಂದು, ನಿಮ್ಮ ಫೋನಿನಲ್ಲಿ ಮೂಡುವ ಪಾವತಿ ಕೋಡ್ ಅನ್ನು ಅವರ ಯಂತ್ರ ಓದುವುದು ಇನ್ನೊಂದು. ಎರಡನೆಯದರಲ್ಲಿ ಕೋಡ್ ಆಗಾಗ ಬದಲಾಗುತ್ತಿರುತ್ತದೆ, ಅದನ್ನು ಸ್ಕ್ರೀನ್‌ಶಾಟ್ ತೆಗೆದು ಯಾರಿಗೂ ಕಳುಹಿಸಬೇಡಿ. ಆ ಚೌಕವೇ ಹಣ.

ಬೀದಿಯಲ್ಲಿ ಹಣ್ಣು ಮಾರುವವರ ಗಾಡಿಗೆ ತೂಗುಹಾಕಿದ ಕೋಡ್ ಕೆಲವೊಮ್ಮೆ ಅವರ ವೈಯಕ್ತಿಕ ಖಾತೆಯದಾಗಿರುತ್ತದೆ. ವಿದೇಶಿ ಕಾರ್ಡಿನಿಂದ ವ್ಯಕ್ತಿಗೆ ಹಣ ವರ್ಗಾಯಿಸಲು ಬರುವುದಿಲ್ಲವಾದ್ದರಿಂದ ಅಲ್ಲಿ ಪಾವತಿ ವಿಫಲವಾಗುತ್ತದೆ. ತಪ್ಪು ನಿಮ್ಮ ಕಾರ್ಡಿನದ್ದಲ್ಲ. ಅಂಥ ಹೊತ್ತಿಗೆ ನಗದು ಇರಲಿ. ನಗದು ನಿರಾಕರಿಸುವುದು ಅಲ್ಲಿ ನಿಯಮಬಾಹಿರ, ಆದರೆ ನೂರರ ನೋಟಿಗೆ ಚಿಲ್ಲರೆ ಇರುವುದಿಲ್ಲ. ವಿನಿಮಯ ಮಾಡಿಸುವಾಗಲೇ 5, 10, 20 ಯುವಾನ್‌ಗಳ ನೋಟುಗಳನ್ನು ಕೇಳಿ ಪಡೆಯಿರಿ.

ಹಂತ 7: ನಕ್ಷೆ, ಟ್ಯಾಕ್ಸಿ, ರೈಲು

ಇ-ಸಿಮ್‌ನಲ್ಲಿ ಗೂಗಲ್ ಮ್ಯಾಪ್ಸ್ ತೆರೆದರೂ ಅದನ್ನು ನಂಬಬೇಡಿ. ಚೀನಾದ ನಕ್ಷೆಗಳು ಕಾನೂನಿನಂತೆ ಬೇರೆಯೇ ನಿರ್ದೇಶಾಂಕ ಪದ್ಧತಿಯನ್ನು ಬಳಸುತ್ತವೆ. ಅದರಿಂದಾಗಿ ಗೂಗಲ್‌ನಲ್ಲಿ ನೀವು ನಿಂತ ಚುಕ್ಕೆ ನೂರಾರು ಮೀಟರ್ ಸರಿದು, ರಸ್ತೆಯಲ್ಲಿರುವ ನೀವು ನದಿಯ ನಡುವೆ ಇದ್ದಂತೆ ಕಾಣುವುದುಂಟು. ಐಫೋನಿನವರಿಗೆ ಆ್ಯಪಲ್ ಮ್ಯಾಪ್ಸ್ ಸಾಕು. ಅದು ಅಲ್ಲಿ ಚೀನಾದ ಕಂಪನಿಯ ನಕ್ಷೆಯನ್ನೇ ಬಳಸುತ್ತದೆ. ಆಂಡ್ರಾಯ್ಡ್‌ನವರು ಆಮ್ಯಾಪ್ ಎಂಬುದನ್ನು ಚೀನಾ ತಲುಪಿದ ಮೇಲೆ ಹಾಕಿಕೊಳ್ಳಬಹುದು, ಅದಕ್ಕೆ ಇಂಗ್ಲಿಷ್ ರೂಪವೂ ಇದೆ.

ಟ್ಯಾಕ್ಸಿಗೆ ಬೇರೆ ಆ್ಯಪ್ ಬೇಕಿಲ್ಲ. ಅಲಿಪೇಯೊಳಗೇ ದಿದಿ ಎಂಬ ಸೇವೆ ಇದೆ, ನಮ್ಮ ಓಲಾ, ಊಬರ್ ಇದ್ದ ಹಾಗೆ. ಕಾರು ಹತ್ತಿದಾಗ ಚಾಲಕ ಹಿಂದಿರುಗಿ ಏನೋ ಕೇಳುತ್ತಾನೆ. ಅವನು ಕೇಳುವುದು ನಿಮ್ಮ ಫೋನ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿ. ಫೋನಿನಲ್ಲಿ ಬರೆದು ತೋರಿಸಿದರೆ ಸಾಕು. ನಂಬರ್ ಪ್ಲೇಟು ಹಸಿರಿದ್ದರೆ ವಿದ್ಯುತ್ ಕಾರು, ನೀಲಿ ಇದ್ದರೆ ಪೆಟ್ರೋಲ್ ಕಾರು. ಗುಂಪಿನಲ್ಲಿ ನಿಮ್ಮ ಕಾರು ಹುಡುಕಲು ಈ ಬಣ್ಣ ಸಹಾಯಕ್ಕೆ ಬರುತ್ತದೆ.

ರೈಲಿನ ಅಧಿಕೃತ ಆ್ಯಪ್‌ನ ಹೆಸರು 12306, ಇಂಗ್ಲಿಷ್‌ನಲ್ಲೂ ಇದೆ. ಟಿಕೆಟ್ ಮಾರಾಟ 15 ದಿನ ಮೊದಲು ತೆರೆಯುತ್ತದೆ. ಪಾಸ್‌ಪೋರ್ಟ್ ಪರಿಶೀಲನೆಗೆ ಸಮಯ ಹಿಡಿಯುವುದರಿಂದ ಮೊದಲ ಸಲ ಹೋಗುವವರು ಸ್ವಲ್ಪ ಸೇವಾಶುಲ್ಕ ಹೋದರೂ ಪರವಾಗಿಲ್ಲವೆಂದು ಟ್ರಿಪ್ ಡಾಟ್ ಕಾಮ್ ಬಳಸುವುದೇ ನೆಮ್ಮದಿ. ಕಾಗದದ ಟಿಕೆಟ್ ಇರುವುದಿಲ್ಲ, ಪಾಸ್‌ಪೋರ್ಟೇ ಟಿಕೆಟ್. ಸಿಬ್ಬಂದಿ ನಿಂತಿರುವ ದ್ವಾರಕ್ಕೆ ಹೋಗಿ ತೋರಿಸಿ.

ಹಂತ 8: ಚಾರ್ಜು

ಹಣ, ನಕ್ಷೆ, ಟಿಕೆಟ್ ಎಲ್ಲ ಫೋನಿನಲ್ಲಿರುವಾಗ ಬ್ಯಾಟರಿ ಖಾಲಿಯಾದರೆ ಕೈಕಾಲು ಕಟ್ಟಿದಂತೆ. ಆದರೆ ನೀವು ಇಲ್ಲಿಂದ ಒಯ್ದ ಪವರ್ ಬ್ಯಾಂಕ್ ಚೀನಾದೊಳಗಿನ ವಿಮಾನ ಹತ್ತಲು ಬಿಡದಿರಬಹುದು. 2025ರ ಜೂನ್ 28ರಿಂದ ಅಲ್ಲಿನ ದೇಶೀಯ ವಿಮಾನಗಳಲ್ಲಿ 3ಸಿ ಎಂಬ ಚೀನಾದ ಸುರಕ್ಷತಾ ಪ್ರಮಾಣೀಕರಣದ ಗುರುತು ಇಲ್ಲದ ಪವರ್ ಬ್ಯಾಂಕ್‌ಗಳನ್ನು ಒಯ್ಯುವಂತಿಲ್ಲ. ಭಾರತದಲ್ಲಿ ಮಾರುವವುಗಳ ಮೇಲೆ ಸಾಮಾನ್ಯವಾಗಿ ನಮ್ಮ ಬಿಐಎಸ್ ಗುರುತಿರುತ್ತದೆ, ಅದು ಅಲ್ಲಿ ಲೆಕ್ಕಕ್ಕಿಲ್ಲ. ತಪಾಸಣೆಯಲ್ಲಿ ಬಿಟ್ಟು ಹೋಗಬೇಕಾಗುತ್ತದೆ. ದುಬಾರಿಯದನ್ನು ಒಯ್ಯಬೇಡಿ. ಅಲ್ಲಿನ ಹೋಟೆಲು, ಅಂಗಡಿಗಳಲ್ಲಿ ಬಾಡಿಗೆ ಪವರ್ ಬ್ಯಾಂಕ್‌ಗಳ ಪೆಟ್ಟಿಗೆ ಇರುತ್ತದೆ. ಅಲಿಪೇಯಿಂದ ಸ್ಕ್ಯಾನ್ ಮಾಡಿ ತೆಗೆದುಕೊಂಡು, ಬೇರೆ ಅಂಗಡಿಯ ಅದೇ ಕಂಪನಿಯ ಪೆಟ್ಟಿಗೆಯಲ್ಲಿ ಮರಳಿಸಬಹುದು. ವಿದ್ಯುತ್ 220 ವೋಲ್ಟ್, ಹೆಚ್ಚುಕಡಿಮೆ ನಮ್ಮಷ್ಟೇ, ಆದರೆ ನಮ್ಮ ಮೂರು ಪಿನ್ನಿನ ಪ್ಲಗ್ ಅಲ್ಲಿನ ಸಾಕೆಟ್ಟಿಗೆ ಕೂರುವುದಿಲ್ಲ, ಅಡಾಪ್ಟರ್ ಒಯ್ಯಿರಿ.

ಹೋಟೆಲ್ ತಲುಪಿದ ಮೇಲೆ ವಾಟ್ಸ್‌ಆ್ಯಪ್ ನಿಂತರೆ

ನನಗೂ ಆಗಿದೆ, ಅಲ್ಲಿಗೆ ಹೋದ ಬಹುತೇಕ ಎಲ್ಲರಿಗೂ ಆಗುತ್ತದೆ. ಟ್ಯಾಕ್ಸಿಯಲ್ಲಿ ಚೆನ್ನಾಗಿ ನಡೆಯುತ್ತಿದ್ದ ವಾಟ್ಸ್‌ಆ್ಯಪ್ ಕೋಣೆಗೆ ಬಂದೊಡನೆ ನಿಲ್ಲುತ್ತದೆ. "ತಲುಪಿದೆ" ಎಂದು ಮನೆಗೆ ಬರೆದ ಸಾಲಿನ ಪಕ್ಕದಲ್ಲಿ ಟಿಕ್ ಗುರುತಿನ ಬದಲು ಚಿಕ್ಕದೊಂದು ಗಡಿಯಾರ ಮೂಡಿ, ಹಾಗೆಯೇ ಕೂತಿರುತ್ತದೆ. ಇ-ಸಿಮ್ ಕೆಟ್ಟಿತೆಂದು ಮಾರಿದವರಿಗೆ ದೂರು ಬರೆಯುವ ಮೊದಲು ಫೋನಿನ ಮೇಲ್ಭಾಗ ನೋಡಿ. ಫೋನ್ ತಾನಾಗಿ ಹೋಟೆಲಿನ ವೈಫೈಗೆ ಹಾರಿರುತ್ತದೆ. ವೈಫೈ ಸಿಕ್ಕಿದಾಗ ಮೊಬೈಲ್ ಡೇಟಾ ಬಿಡುವುದು ಎಲ್ಲ ಫೋನುಗಳ ಅಭ್ಯಾಸ. ವೈಫೈ ಆಫ್ ಮಾಡಿದ ಮರುಕ್ಷಣ ಗಡಿಯಾರ ಹೋಗಿ ಟಿಕ್ ಬರುತ್ತದೆ. ಹೊರಗಿನವರೊಡನೆ ಮಾತಿಗೆ ಮೊಬೈಲ್ ಡೇಟಾ, ಅಲಿಪೇ ತೊಡರಿದರೆ ವೈಫೈ, ಇಷ್ಟು ನೆನಪಿದ್ದರೆ ಸಾಕು. ಇಬ್ಬರ ಬಳಿಯೂ ಐಫೋನ್ ಇದ್ದರೆ ಫೇಸ್‌ಟೈಮ್ ಹೋಟೆಲಿನ ವೈಫೈಯಲ್ಲೂ ನಡೆಯುತ್ತದೆ.

ಕಂಪನಿಯ ಫೋನ್ ಅಥವಾ ಲ್ಯಾಪ್‌ಟಾಪ್ ಒಯ್ಯುವವರು ಹೊರಡುವ ಮೊದಲೇ ನಿಮ್ಮ ಕಚೇರಿಯ ಐಟಿ ವಿಭಾಗವನ್ನು ಲಿಖಿತವಾಗಿ ಕೇಳಿ. ಗಡಿಯಲ್ಲಿ ಫೋನ್ ತೆರೆದು ತೋರಿಸಲು ಹೇಳುವ ಅಧಿಕಾರ ಅಲ್ಲಿನವರಿಗಿದೆ. ಕಚೇರಿಯ ಗುಟ್ಟಿನ ಕಡತಗಳು ನಿಮ್ಮೊಡನೆ ಪ್ರಯಾಣ ಮಾಡದಿದ್ದರೆ ಒಳಿತು.

ಹಿಂದಿರುಗುವ ದಿನ

ಇದನ್ನು ಬಹುತೇಕರು ಮರೆಯುತ್ತಾರೆ. ಭಾರತಕ್ಕೆ ಬಂದಿಳಿದ ಮೇಲೆ ಅಲಿಪೇ ತೆರೆಯದಿರಬಹುದು, ಕಾರ್ಡ್ ಮಾತ್ರ ಅದಕ್ಕೆ ಜೋಡಣೆಯಾಗಿಯೇ ಉಳಿಯುತ್ತದೆ. ಆದ್ದರಿಂದ ಅಲ್ಲಿನ ನಿಲ್ದಾಣದಲ್ಲಿ ವಿಮಾನಕ್ಕೆ ಕಾಯುತ್ತ ಕುಳಿತಾಗಲೇ ಬಾಡಿಗೆ ಪವರ್ ಬ್ಯಾಂಕ್ ಮರಳಿಸಿದ್ದೀರಾ, ಟ್ಯಾಕ್ಸಿಯ ಬಾಕಿ ಉಳಿದಿಲ್ಲವೇ ಎಂದು ನೋಡಿ, ಪಾವತಿಗಳ ಪಟ್ಟಿಯ ಸ್ಕ್ರೀನ್‌ಶಾಟ್ ತೆಗೆದು, ಕಾರ್ಡನ್ನು ಅಲಿಪೇಯಿಂದ ಬಿಡಿಸಿ, ಆ್ಯಪ್ ತೆಗೆದುಹಾಕಿ. ಐಫೋನಿನವರು ಆ್ಯಪ್ ಸ್ಟೋರ್‌ನಲ್ಲಿ ಹಳೆಯ ಖಾತೆಗೆ ಮರಳಿ. ಮನೆಗೆ ಬಂದ ದಿನ ಬ್ಯಾಂಕ್ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಬಳಕೆಯನ್ನು ಮುಚ್ಚಿ, ಮುಂದಿನ ತಿಂಗಳ ಕಾರ್ಡ್ ಬಿಲ್ಲನ್ನು ಆ ಸ್ಕ್ರೀನ್‌ಶಾಟಿನ ಜೊತೆ ಸಾಲು ಸಾಲಾಗಿ ತಾಳೆ ನೋಡಿ.